ಹೊಗೆ ನೋಡುತ್ತಿದ್ದ ಕಾಕಾ

ಕಾಕಾ ಅವರನ್ನು ಕೊನೆಯ ಸಲ ಕರೆದೊಯ್ಯಲು ಬಂದ ಗಾಡಿ ನಮ್ಮ ಕಟ್ಟಡದ ಗೇಟಿನ ಮುಂದೆ ನಿಂತಿತು. ನಿಂತದ್ದು ನಿಂತೇಬಿಟ್ಟಿತು. ಡ್ರೈವರ್ ಚಾವಿ ತಿರುಗಿಸಿದ. ಎಂಜಿನ್ನು ಗೊರಗೊರ ಅಂದು, ಹಿಂದಿನಿಂದ ಒಂದಿಷ್ಟು ಬಿಳಿ ಹೊಗೆ ಬಿಟ್ಟು ಸುಮ್ಮನಾಯಿತು. ಆಮೇಲೆ ಎಷ್ಟು ತಿರುಗಿಸಿದರೂ ಟಿಕ್ ಅನ್ನುವ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಅಳುತ್ತಿದ್ದವರು ಅಳು ನಿಲ್ಲಿಸಿ ಬಗ್ಗಿ ನೋಡಿದರು. ಒಬ್ಬರು ಡೀಸೆಲ್ ಬರುತ್ತಿಲ್ಲ ಅಂದರು, ಇನ್ನೊಬ್ಬರು ಸೆಲ್ಫ್ ಹೋಗಿದೆ ಅಂದರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಎದುರು ಮನೆಯಾಕೆ ದೂಡಿದರೆ ಹೋಗುತ್ತದೆ ಅಂದಳು. ಆಮೇಲೆ ಎಲ್ಲರೂ ಒಟ್ಟಿಗೇ, ಯಾರೂ ಹೇಳದೆ, ಕಾಕಾ ಅವರ ಕಡೆ ತಿರುಗಿ ನೋಡಿದರು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಕಾಕಾ ಹೂವಿನ ವಿಮಾನದಲ್ಲಿ, ಹಣೆ ತುಂಬ ವಿಭೂತಿ ಧರಿಸಿ, ಯಾವುದೋ ಸಭೆಯ ಅಧ್ಯಕ್ಷರಂತೆ ಕೂತಿದ್ದರು. ಗದ್ದಕ್ಕೆ ಬಟ್ಟೆ ಕಟ್ಟಿದ್ದರು. ಅವರ ಬಾಯಿ ಮುಚ್ಚಿಸಲು ಅಷ್ಟಾದರೂ ಬೇಕಿತ್ತು ಬಿಡಿ. ಜೀವವಿದ್ದಿದ್ದರೆ ಇಷ್ಟು ಹೊತ್ತಿಗೆ ಎದ್ದು ಬಂದು, ಪಂಚೆ ಮೇಲಕ್ಕೆತ್ತಿ ಕುಕ್ಕರಗಾಲಲ್ಲಿ ಕೂತು, ಹೊಗೆ ಮೂಸಿ, ಕಣ್ಣು ಮುಚ್ಚಿ, ಕಾರಣವನ್ನು ತಪ್ಪಾಗಿ ಹೇಳಿ ಮುಗಿಸಿರುತ್ತಿದ್ದರು.

ಕಾಕಾ ಅಂದರೆ ರಕ್ತಸಂಬಂಧವೇನಲ್ಲ. ಸಂಭಾಜಿನಗರದಲ್ಲಿ ನಾವು ಇರುವ ಕಟ್ಟಡದ ಕೆಳಗಿನ ಮನೆಯವರು, ಶೇಂದ್ರಾದ ಕಾರ್ಖಾನೆಯಲ್ಲಿ ನನ್ನ ಗಂಡನಿಗಿಂತ ಬಹಳ ಹಿರಿಯರು. ಊರು ಬೀದರ್ ಕಡೆಯ ಭಾಲ್ಕಿ. ಅವರ ಹೆಂಡತಿ ನಮಗೆ ಕಾಕು. ಕಟ್ಟಡದ ಮರಾಠಿ ಮಂದಿಗೂ ಅವರು ಕಾಕಾ-ಕಾಕುವೇ. ಆ ಮಟ್ಟಿಗೆ ಎರಡು ಭಾಷೆಗಳ ನಡುವೆ ಜಗಳವಿರಲಿಲ್ಲ.

"ನಾ ಎಂಜಿನ್ ಫ್ಯಾಕ್ಟರಿ ಮನಶ್ಯಾ" ಎಂದು ಕಾಕಾ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದರು. ಸುಳ್ಳಲ್ಲ. ಆದರೆ ಅಲ್ಲಿ ಅವರು ಮಾಡುತ್ತಿದ್ದದ್ದು ಎಂಜಿನ್ನಿನ ಬಿಡಿಭಾಗಗಳನ್ನು ಕಾಗದದಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆಸಿ ಲಾರಿ ಹತ್ತಿಸುವ ಕೆಲಸ. ಇಡೀ ನೌಕರಿಯಲ್ಲಿ ಓಡುವ ಎಂಜಿನ್ನೊಂದನ್ನು ಅವರು ಹತ್ತಿರದಿಂದ ಕಂಡವರಲ್ಲ. ಈ ಗುಟ್ಟು ಹೇಳಿದ್ದು ಕಾಕು. "ಖೋಕಾ ಕಟ್ಟೋರು ಇವರು. ಲಾಡು ಡಬ್ಬಿ ಕಟ್ಟೋನು ತಾ ಹಲವಾಯಿ ಅಂದಂಗ ಆತು" ಎಂದು ಗಂಡನ ಎದುರಿಗೇ ಹೇಳುತ್ತಿದ್ದರು. ಕಾಕಾ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ಮೀಸೆಯಲ್ಲಿ ನಗುತ್ತಿದ್ದರು.

ಅವರ ವಿದ್ಯೆಯೆಲ್ಲ ಹೊಗೆಯಲ್ಲಿತ್ತು. ಯಾರದೇ ಗಾಡಿ ಬೆಳಿಗ್ಗೆ ಚಾಲೂ ಆಗಲು ಸ್ವಲ್ಪ ಸತಾಯಿಸಿದರೂ ಸಾಕು, ಕಾಕಾ ಕೈಯಲ್ಲಿ ಬಿಳಿ ಕರವಸ್ತ್ರ ಹಿಡಿದು ಇಳಿದು ಬರುತ್ತಿದ್ದರು. ಕರವಸ್ತ್ರವನ್ನು ಹೊಗೆಕೊಳವೆಯ ಬಾಯಿಗೆ ಹಿಡಿದು, "ಎಕ್ಸಲೇಟರ್ ಕೊಡು" ಅನ್ನುತ್ತಿದ್ದರು. ಆಮೇಲೆ ಬಟ್ಟೆಯ ಮೇಲಿನ ಕಲೆಯನ್ನು ಬಿಸಿಲಿಗೆ ಹಿಡಿದು ನೋಡಿ, ಮೂಸಿ, ಒಮ್ಮೊಮ್ಮೆ ನಾಲಿಗೆಯ ತುದಿಗೂ ಮುಟ್ಟಿಸಿ ತೀರ್ಪು ಕೊಡುತ್ತಿದ್ದರು. ಆ ಕರವಸ್ತ್ರ ಒಗೆಯುವ ಕೆಲಸ ಕಾಕು ಅವರದು. ಎಂಜಿನ್ ಫ್ಯಾಕ್ಟರಿಯ ಬಗ್ಗೆ ಅವರಿಗಿದ್ದ ಸಿಟ್ಟಿನಲ್ಲಿ ಅರ್ಧ ಅದರದೇ.

"ಹೊಗಿ ಬಿಳಿ ಇದ್ರ ಹೊಟ್ಟ್ಯಾಗ ನೀರ ಹೋಗ್ಯಾವ. ನೀಲಿ ಇದ್ರ ಎಣ್ಣಿ ಕುಡದದ. ಕರಿ ಇದ್ರ ಉಂಡದ್ದು ಅರಗಿಲ್ಲ. ಮನಶ್ಯಾಗೂ ಗಾಡಿಗೂ ಏನ್ ಫರಕ್ ಇಲ್ಲ ನೋಡು ಯವ್ವಾ" ಎಂದು ನನಗೆ ಪಾಠ ಹೇಳಿದ್ದರು. ಪಾಠ ಸರಿಯಾಗಿಯೇ ಇತ್ತು, ಯಾವ ಮೆಕ್ಯಾನಿಕ್ ಕೇಳಿದರೂ ತಲೆಯಾಡಿಸುತ್ತಾನೆ. ಪಾಠದಿಂದ ಗಾಡಿಗೆ ಬರುವಾಗ ಮಾತ್ರ ಕಾಕಾ ದಾರಿ ತಪ್ಪುತ್ತಿದ್ದರು. ಒಮ್ಮೆ ದ್ರಾಕ್ಷಿ ತರೋಣವೆಂದು ಎಲ್ಲರೂ ಪಿಂಪಳಗಾಂವ್ ಬಸವಂತಕ್ಕೆ ಹೋಗಿದ್ದೆವು. ಅಲ್ಲಿ ಮಾರುಕಟ್ಟೆಯ ಬಾಗಿಲಲ್ಲೇ ಈರುಳ್ಳಿ ತುಂಬಿದ ಟ್ರ್ಯಾಕ್ಟರೊಂದು ನಿಂತುಬಿಟ್ಟಿತ್ತು. ಕಾಕಾ ತಡೆದುಕೊಳ್ಳುವವರೇ? ಹೋಗಿ ಮೂಸಿದರು, ಕಿವಿಗೊಟ್ಟರು, ಹೊಗೆಯೇ ಬರದಿರುವುದು ಗಂಭೀರ ಲಕ್ಷಣ, ಎಂಜಿನ್ ಬಿಚ್ಚಬೇಕಾದೀತು ಅಂದರು. ಟ್ರ್ಯಾಕ್ಟರಿನವನ ಮುಖ ಬಾಡಿತು. ಅಷ್ಟರಲ್ಲಿ ಯಾರೋ ಟಾಕಿಯ ಮುಚ್ಚಳ ತೆಗೆದು ನೋಡಿದರೆ ಒಳಗೆ ಡೀಸೆಲ್ಲಿನ ಒಂದು ಹನಿಯೂ ಇರಲಿಲ್ಲ. ಕಾಕಾ ಸ್ವಲ್ಪವೂ ಕದಲಲಿಲ್ಲ. "ಉಪಾಸ ಇದ್ದಾನಂತ ನನಗ ಮೊದಲ ಹೇಳಬೇಕಲ್ರಿ! ರೋಗಿ ಬಾಯಿ ಬಿಡಲಾರ್ದ ವೈದ್ಯ ಏನ್ ಮಾಡ್ಯಾನು?" ಎಂದು ಅವನನ್ನೇ ಗದರಿ ಬಂದರು.

ನಾನು ಈ ಮಹಾನುಭಾವರನ್ನು ಮೊದಲು ಕಂಡದ್ದು ನಾಸಿಕದ ಪಂಚವಟಿಯಲ್ಲಿ, ನನ್ನನ್ನು ನೋಡಲು ಬಂದ ದಿನ.

ಗೋದಾವರಿಗೆ ಇಳಿಯುವ ಒಂದು ಇಕ್ಕಟ್ಟಿನ ಓಣಿಯಲ್ಲಿ ಅಪ್ಪನ ಸ್ಟೀಲ್ ಪಾತ್ರೆಯ ಅಂಗಡಿ, ಅದರ ಮೇಲೆ ನಮ್ಮ ಮನೆ. ನಮ್ಮದೂ ಮೂಲ ಬೀದರ್ ಕಡೆಯೇ. ನಾನು ಹುಟ್ಟಿದ್ದು, ಬೆಳೆದದ್ದು ಮಾತ್ರ ಆ ಓಣಿಯಲ್ಲಿ, ಪಾತ್ರೆಗಳ ಠಣಠಣದ ನಡುವೆ. ಆ ಹೊತ್ತಿಗೆ ನನ್ನನ್ನು ನೋಡಿ ಹೋದವರು ಬಹಳ ಮಂದಿ. ನನ್ನನ್ನು ಬೇಡವೆಂದವರು ಕಡಿಮೆ, ಅಪ್ಪ ಬೇಡವೆಂದವರೇ ಹೆಚ್ಚು. ಅಪ್ಪನದು ಒಂದು ಸಿದ್ಧಾಂತ: ಗಾಡಿ ಇಟ್ಟುಕೊಂಡ ಹಾಗೆ ಮನೆ ಇಟ್ಟುಕೊಳ್ಳುತ್ತಾರೆ. ಹುಡುಗ ಮೆಟ್ಟಿಲು ಹತ್ತುವ ಮೊದಲು ಅಪ್ಪ ಅಂಗಡಿಯಿಂದಲೇ ಅವನ ಗಾಡಿ ನೋಡಿ ತೀರ್ಮಾನಿಸಿಬಿಡುತ್ತಿದ್ದರು. ಒಬ್ಬನ ಬೈಕಿನ ಕನ್ನಡಿ ಒಡೆದಿತ್ತು, ಅವನು ಬೇಡ. ಇನ್ನೊಬ್ಬನ ಕಾರು ಫಳಫಳ ಹೊಳೆಯುತ್ತಿತ್ತು, "ಇಷ್ಟು ಒರಸೋನು ಕೆಲಸಕ್ಕ ಯಾವಾಗ ಹೋಗ್ತಾನ?" ಎಂದು ಅವನೂ ಬೇಡವಾದ. ನೆಂಟರು ನನ್ನ ವಯಸ್ಸಿನ ಬಗ್ಗೆ ಪಿಸುಗುಡುವುದನ್ನು ಬಿಟ್ಟು ಜೋರಾಗಿಯೇ ಮಾತಾಡತೊಡಗಿದ್ದರು. ನನಗಂತೂ ಚಹಾದ ತಾಟು ಹಿಡಿದು ಬರುವುದೇ ಸಾಕುಸಾಕಾಗಿತ್ತು. ಈ ಸಲದ ಹುಡುಗ ಮನಸ್ಸಿಗೆ ಬಂದರೆ ನಾನೇ ಬಾಯಿಬಿಟ್ಟು ಹೇಳಬೇಕು, ಬರದಿದ್ದರೆ ಇನ್ನು ಯಾರ ಮುಂದೆಯೂ ತಾಟು ಹಿಡಿಯುವುದಿಲ್ಲ ಎಂದು ತೀರ್ಮಾನಿಸಿಕೊಂಡಿದ್ದೆ.

ಹುಡುಗನಿಗೆ ತಂದೆ ಇಲ್ಲ, ತಾಯಿಗೆ ಮೊಣಕಾಲು ನೋವು. ಹಾಗಾಗಿ ಹಿರಿಯರಾಗಿ ಹೊರಟವರು ಕಾಕಾ ಮತ್ತು ಕಾಕು. ಹುಡುಗನ ಹತ್ತಿರ ಹೊಸ ಡೀಸೆಲ್ ಕಾರಿತ್ತು. ಕೊಂಡ ದಿನದಿಂದಲೇ ಅದನ್ನು ಕಾಕಾ ದತ್ತು ತೆಗೆದುಕೊಂಡಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ತಾವೇ ಚಾವಿ ಇಸಿದುಕೊಂಡು ಅದಕ್ಕೆ ಪೂಜೆ ಮಾಡುತ್ತಿದ್ದರು. ಕೆಲವು ತಿಂಗಳಿಗೆ ಕಾರು ಬೆಳಿಗ್ಗೆ ಏಳಲು ಸತಾಯಿಸತೊಡಗಿತು. ಆಮೇಲೆ ಹೊಗೆ ಶುರುವಾಯಿತು, ಕರಿ ಹೊಗೆ. ಕಂಪನಿಯ ವರ್ಕ್‌ಶಾಪಿಗೆ ಒಯ್ಯುತ್ತೇನೆ ಎಂದು ಹುಡುಗ ಹೇಳಿದರೆ ಕಾಕಾ ಬಿಡಲಿಲ್ಲ. "ಅವರು ಮಶೀನ್ ಹಚ್ಚಿ ನೋಡ್ತಾರ. ಮಶೀನಿಗಿ ಮೂಗ ಅದೇನು?" ಎಂದರು. ಕಾರಿನ ಗಡಿಯಾರದ ಪಕ್ಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹತ್ತಿಕೊಂಡಾಗ, ನೋಡಿದರೆ ಮನಸ್ಸಿಗೆ ತ್ರಾಸಾಗುತ್ತದೆಂದು ಅದರ ಮೇಲೆ ಒಂದು ಬಿಲ್ವಪತ್ರೆ ಅಂಟಿಸಿದರು. ಹುಡುಗ ಅದೇ ಕಾರ್ಖಾನೆಯಲ್ಲಿ ಅಳತೆ ನೋಡುವ ವಿಭಾಗದವನು, ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹಿಡಿಯುತ್ತಾನೆ. ಆದರೆ ಹಿರಿಯರಿಗೆ ಇಲ್ಲ ಅನ್ನುವ ಮಾತು ಅವನ ಅಳತೆಪಟ್ಟಿಯಲ್ಲೇ ಇರಲಿಲ್ಲ.

ಅವತ್ತು ಬರುವ ದಾರಿಯಲ್ಲಿ ಯೇವಲೆಯಲ್ಲಿ ಚಹಾಕ್ಕೆ ನಿಲ್ಲಿಸಿದ್ದಾರೆ. ಕಾರು ಮತ್ತೆ ಚಾಲೂ ಆಗಿಲ್ಲ. ಅಂಗಡಿಯ ಮಂದಿಯನ್ನೆಲ್ಲ ಕರೆದು ದೂಡಿಸಿದ ಮೇಲೆ ಹೇಗೋ ಎದ್ದಿದೆ. ಆಗ ಕಾಕಾ ಆಜ್ಞೆ ಹೊರಡಿಸಿದರು: ಇನ್ನು ನಾಸಿಕದಲ್ಲಿ ಕೆಲಸ ಮುಗಿಯುವ ತನಕ ಎಂಜಿನ್ ಬಂದ್ ಮಾಡಕೂಡದು.

ಹೀಗಾಗಿ ನಮ್ಮ ಓಣಿಗೆ ಮೊದಲು ಬಂದದ್ದು ಹೊಗೆ, ಅದರ ಹಿಂದೆ ಕಾರು. ಕಾಕು ಕೆಮ್ಮುತ್ತಾ ಇಳಿದರು. ಕಾಕಾ ಅಂಗಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದರು. ಅವ್ವ ಇಬ್ಬರನ್ನೂ ಕೂರಿಸಿ ನೀರು ಕೊಟ್ಟಳು. ಅಪ್ಪ ಬಾಗಿಲ ಕಡೆ ನೋಡಿದರು. ಮತ್ತೊಮ್ಮೆ ನೋಡಿದರು.

"ಹುಡುಗ ಎಲ್ಲಿದ್ದಾನ್ರಿ?"

"ಕೆಳಗಿದ್ದಾನ್ರಿ" ಅಂದರು ಕಾಕಾ, ಏನೂ ವಿಶೇಷವಿಲ್ಲದವರಂತೆ. "ಎಕ್ಸಲೇಟರ್ ತುಳೀಲತ್ತಾನ. ಕಾಲ ತಗದ್ರ ಗಾಡಿ ಬಂದ್ ಬೀಳ್ತದ. ನೀವು ಏನ್ ಕೇಳೂದದ ನನ್ನ ಕೇಳ್ರಿ, ಸಂಕೋಚ ಬ್ಯಾಡ."

ನಾನು ಒಳಗಿನ ಕೋಣೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಅಪ್ಪ ನಗಲಿಲ್ಲ. ಹುಡುಗನಿಲ್ಲದೆಯೇ ಹುಡುಗನನ್ನು ನೋಡುವ ಕಾರ್ಯಕ್ರಮ ಸ್ವಲ್ಪ ಹೊತ್ತು ನಡೆಯಿತು. ಹೊಗೆ ಕಿಟಕಿಯಿಂದ ಮೇಲೆ ಬಂದು ಅವಲಕ್ಕಿಯ ತಾಟಿನ ಮೇಲೆ ಕೂತಿತು. ಪಕ್ಕದ ಮನೆಯ ಗುರುಜಿ ಮರಾಠಿಯಲ್ಲಿ ಬೈಯತೊಡಗಿದ್ದು ಕೇಳಿಸಿತು. ಕೊನೆಗೆ ಅವ್ವ, "ಒಂದು ಸಲ ಮಾರಿ ಆದ್ರೂ ತೋರಸ್ರಿ ಹುಡುಗಂದು" ಎಂದಳು. ಕಾಕಾ ಎದ್ದು, "ನಾ ಹೋಗಿ ತುಳೀತೀನಿ, ಅವನ್ನ ಕಳಸ್ತೀನಿ" ಎಂದು ಕೆಳಗಿಳಿದರು. ಪಾಳಿ ಬದಲಾಯಿತು.

ಹುಡುಗ ಬಂದ. ಮೂಗಿನ ತುದಿಗೆ ಮಸಿ ಹತ್ತಿತ್ತು. ಯಾರೂ ಹೇಳಿರಲಿಲ್ಲ, ಅವನಿಗೆ ಗೊತ್ತೂ ಇರಲಿಲ್ಲ. ನಾನು ಚಹಾ ತಂದಾಗ ಎಲ್ಲ ಹುಡುಗರೂ ಮಾಡುವಂತೆ ಅವನು ನನ್ನ ಕಡೆ ಕದ್ದು ನೋಡಲಿಲ್ಲ. ನೇರವಾಗಿ ನೋಡಿ, "ನಿಮಗ ಹೊಗಿ ಭಾಳ ಬಂತೇನ್ರಿ? ಕಿಡಕಿ ಹಾಕ್ಲಾ?" ಎಂದು ಕೇಳಿ, ಎದ್ದು ಹೋಗಿ ಹಾಕಿದ. ನೋಡಲು ಬಂದ ಮನೆಯಲ್ಲಿ ಎದ್ದು ಕಿಟಕಿ ಹಾಕಿದ ಗಂಡು ಅವನೊಬ್ಬನೇ. ಅಲ್ಲಿಯವರೆಗೆ ಬಂದವರೆಲ್ಲ ನನಗೆ ಅಡುಗೆ ಬರುತ್ತದೆಯೇ ಎಂದು ಕೇಳಿದ್ದರು. ಇವನು ಬೇಕು ಅನ್ನಿಸಿತು. ಇಷ್ಟು ಸಣ್ಣದಕ್ಕೆ ಯಾರಾದರೂ ಸೋಲುತ್ತಾರೆಯೇ ಎಂದರೆ, ನಾನು ಸೋತೆ.

ಆದರೆ ಅಪ್ಪನ ಮುಖ ನನಗೆ ಗೊತ್ತು. ಕೈ ಜೋಡಿಸಿ, "ವಿಚಾರ ಮಾಡಿ ತಿಳಸ್ತೀವ್ರಿ" ಅನ್ನಲು ಅವರು ಬಾಯಿ ತೆರೆಯುತ್ತಿದ್ದರು. ಆ ಮಾತಿಗೆ ನಮ್ಮ ಮನೆಯಲ್ಲಿ ಒಂದೇ ಅರ್ಥ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ, ಈಗ ಹೇಳದಿದ್ದರೆ ಇನ್ನಿಲ್ಲ ಎಂದುಕೊಂಡೆ, ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಕೆಳಗೆ ಎಂಜಿನ್ನು ಬಿಕ್ಕಳಿಸಿ ನಿಂತುಹೋಯಿತು.

ಪಂಚವಟಿಯ ಓಣಿಯಲ್ಲಿ ಒಂದು ಕಾರು ನಿಂತರೆ ಪಂಚವಟಿಯೇ ನಿಂತ ಹಾಗೆ. ಹಿಂದೆ ಆಟೋಗಳ ಸಾಲು, ಹೊಳೆಗೆ ಹೊರಟ ಯಾತ್ರಿಕರು, ಹೂವಿನ ಬುಟ್ಟಿಯವರು. ನಾವೆಲ್ಲ ಕೆಳಗಿಳಿದು ಬಂದೆವು. ಕಾಕಾ ಹೊಗೆಕೊಳವೆಯ ಹಿಂದೆ ಕರವಸ್ತ್ರ ಹಿಡಿದು ಕೂತಿದ್ದರು. ಸತ್ತ ಗಾಡಿಯ ನಾಡಿ ನೋಡುತ್ತಿದ್ದರು. ನಮ್ಮ ಓಣಿಯ ಆಟೋದವನೊಬ್ಬ ಹಾರ್ನ್ ಹೊಡೆದು ಹೊಡೆದು ಬೇಸತ್ತು, ಇಳಿದು ಬಂದು, ಯಾರನ್ನೂ ಕೇಳದೆ ಬಾನೆಟ್ ಎತ್ತಿದ. ಎಂಜಿನ್ನು ಉಸಿರಾಡುವ ಗಾಳಿಯನ್ನು ಸೋಸಲು ಒಳಗೊಂದು ಕರಿ ಡಬ್ಬಿ ಇರುತ್ತದಲ್ಲ, ಅದರ ಕೊಂಡಿ ತೆಗೆದು, ಜಾಳಿಗೆಯನ್ನು ಹೊರಗೆಳೆದು ನಮ್ಮ ಅಂಗಡಿಯ ಮೆಟ್ಟಿಲಿಗೆ ಕುಟ್ಟಿದ.

ಬೂದಿ. ಬೊಗಸೆ ಬೊಗಸೆ ಬೂದಿ ಮೆಟ್ಟಿಲ ಮೇಲೆ ಸುರಿಯಿತು. ಹಿಟ್ಟಿನಂತೆ ನುಣ್ಣಗೆ, ಹಾಲಿನಂತೆ ಬೆಳ್ಳಗೆ.

"ಕಾಯ್ ಹೋ, ಗಾಡೀ ಆಹೇ ಕೀ ಚೂಲ್?" ಎಂದ ಆಟೋದವನು. ಇದೇನು ಗಾಡಿಯೋ ಒಲೆಯೋ ಎಂದು.

ಅಪ್ಪ ಮುಂದೆ ಬಂದರು. ಒಂದು ಚಿಟಿಕೆ ತೆಗೆದುಕೊಂಡರು. ಬೆರಳಲ್ಲಿ ತಿಕ್ಕಿದರು, ಮೂಸಿದರು.

"ವಿಭೂತಿ" ಅಂದರು. "ಇದು ವಿಭೂತಿ! ಎಂಜಿನ್‌ದಾಗ ವಿಭೂತಿ ಹುಟ್ಟ್ಯಾದ! ಶಿವಾ ಶಿವಾ!"

ಹಣೆಗೆ ಮೂರು ಬೆರಳು ಎಳೆದುಕೊಂಡರು. ಅವ್ವನ ಹಣೆಗೂ ಬಳಿದರು. ಬೈಯುತ್ತಿದ್ದ ಗುರುಜಿ ಬಾಯಿ ಮುಚ್ಚಿ ಬಗ್ಗಿ ನೋಡಿ, ತಮ್ಮ ಹಣೆಗೂ ಸ್ವಲ್ಪ ಹಚ್ಚಿಕೊಂಡರು. ಹೂವಿನವಳು ಬಾನೆಟ್ಟಿನ ಮೇಲೆ ಚೆಂಡುಹೂವಿನ ಮಾಲೆ ಎಸೆದಳು. ಹೊಳೆಗೆ ಹೊರಟ ಯಾತ್ರಿಕರು ಇದೂ ಕ್ಷೇತ್ರದರ್ಶನದಲ್ಲೇ ಸೇರಿದ್ದೆಂದು ತಿಳಿದು ತಾವಾಗಿಯೇ ಸಾಲು ನಿಂತರು. ಒಬ್ಬಾಕೆ ತನ್ನ ಕೂಸಿಗೆ ದೃಷ್ಟಿಯಾಗಿದೆ, ಒಂದು ಚಿಟಿಕೆ ಕೊಡಿ ಎಂದು ಆಟೋದವನನ್ನು ಕೇಳಿದಳು. ಅವನು ಜಾಳಿಗೆ ಹಿಡಿದುಕೊಂಡೇ ಅರ್ಚಕನಾಗಿಬಿಟ್ಟ.

ಅಪ್ಪ ಹುಡುಗನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು. "ನಾ ಭಾಳ ಗಾಡಿ ನೋಡೀನಿ. ಇಂಥಾ ಗಾಡಿ ನೋಡಿದ್ದಿಲ್ಲ. ಸಂಬಂಧ ಪಕ್ಕಾ. ಏ, ಸಕ್ರಿ ತಗೊಂಡ ಬಾ!" ಎಂದು ಅವ್ವನಿಗೆ ಕೂಗಿದರು.

ಪವಾಡವೋ ಬೂದಿಯೋ, ನನಗೇನು? ಅವ್ವ ಸಕ್ಕರೆ ತರಲು ಓಡಿದಳು. ಆಗ ನಾನು ಕಾಕಾ ಅವರನ್ನು ನೋಡಿದೆ. ಅಷ್ಟೂ ಜನರಲ್ಲಿ ವಿಭೂತಿ ತೆಗೆದುಕೊಳ್ಳದೆ ನಿಂತವರು ಅವರೊಬ್ಬರೇ. ಮುಖದಿಂದ ಬೆವರು ಇಳಿಯುತ್ತಿತ್ತು. ಕರವಸ್ತ್ರದಿಂದ ಒರೆಸಿಕೊಂಡರು, ಮುಖ ಇನ್ನಷ್ಟು ಕಪ್ಪಾಯಿತು. ಕಾಕು ಗಂಡನ ತೋಳು ಚಿವುಟಿ, "ಸುಮ್ನ ನಿಂದ್ರಿ" ಎಂದು ಹಲ್ಲು ಕಚ್ಚಿ ಹೇಳಿದ್ದು ನನಗೆ ಕೇಳಿಸಿತು. ನಾನೂ ಮನಸ್ಸಿನಲ್ಲಿ ಅದನ್ನೇ ಹೇಳಿದೆ. ಏನಿದೆಯೋ ನನಗೆ ಗೊತ್ತಿರಲಿಲ್ಲ, ಆದರೂ ಸುಮ್ಮನಿರಿ ಎಂದು ಬೇಡಿಕೊಂಡೆ.

ಕಾಕಾ ಸುಮ್ಮನಿರಲಿಲ್ಲ. ಅವರು ಯಾವತ್ತೂ ಸುಮ್ಮನಿದ್ದವರಲ್ಲ.

"ಪವಾಡ ಅಲ್ರಿ" ಅಂದರು. "ನಾ ಹಾಕೀನ್ರಿ."

ಕಾಕಾ ಸಾಲೆಯ ಹುಡುಗನಂತೆ ಕೈ ಕಟ್ಟಿಕೊಂಡು ಹೇಳಿದರು. "ಸೋಮವಾರಕ್ಕೊಮ್ಮೆ ಗಾಡಿ ಹಣಿಗಿ ಹಚ್ಚಿ, ಒಂದು ಚಿಮಟಿ ಅದು ಗಾಳಿ ಎಳಕೊಳ್ಳೋ ಮೂಗಿನ್ಯಾಗೂ ಹಾಕ್ತಿದ್ದೆ. ಸಣ್ಣ ಕೂಸಿಗಿ ಜಡ್ಡಾದ್ರ ಬಾಯಾಗ ಹಾಕಂಗಿಲ್ಲೇನ್ರಿ, ಹಂಗ. ಹೊಗಿ ಹೆಚ್ಚಾದಂಗ ಜಡ್ಡು ಹೆಚ್ಚಾತು ಅಂತ ನಾನೂ ಹೆಚ್ಚ ಹಾಕ್ದೆ. ತರಿ ಇದ್ರ ಗಂಟಲಿಗಿ ಚುಚ್ಚೀತು ಅಂತ ಇಕೀ ಮಲಮಲ ಬಟ್ಟ್ಯಾಗ ಸೋಸಿ ಹಾಕ್ತಿದ್ದೆ. ಇವತ್ತು ಶುಭಕಾರ್ಯ ಅದ ಅಂತ ಒಂದು ಮುಟಗಿ ಹಾಕೀನಿ. ಹುಡುಗಂದು ತಪ್ಪಿಲ್ಲ. ಅವಗ ಗೊತ್ತಿಲ್ಲ, ಅವ ನನ್ನ ಪೂಜಾಕ್ಕ ಅಡ್ಡ ಬರಂಗಿಲ್ಲ. ದೇವರ ಹೆಸರ ಮ್ಯಾಲ ಹೆಣ್ಣು ಕೇಳೂದು ನನಗ ಆಗಂಗಿಲ್ರಿ. ನೀವು ಇನ್ನೊಮ್ಮೆ ವಿಚಾರ ಮಾಡ್ರಿ."

ಪ್ರತಿ ಭಾನುವಾರ ತಮ್ಮ ಮಲಮಲ ಬಟ್ಟೆ ಎಲ್ಲಿ ಮಾಯವಾಗುತ್ತಿತ್ತೆಂದು ಕಾಕುಗೆ ಅವತ್ತು ತಿಳಿಯಿತು. ಅವರು ತಲೆ ಹಿಡಿದುಕೊಂಡು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತರು. ಆಟೋದವನಿಗೆ ಕನ್ನಡ ಬಾರದಿದ್ದರೂ ಏನೋ ಹೊಳೆದು ಜಾಳಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಸಾಲಿನಲ್ಲಿದ್ದವರು ಮಾತ್ರ ಕದಲಲಿಲ್ಲ. ಅವರಿಗೆ ಇನ್ನೂ ಸಿಕ್ಕಿರಲಿಲ್ಲ.

ಅಪ್ಪ ತಮ್ಮ ಹಣೆ ಮುಟ್ಟಿ ನೋಡಿಕೊಂಡರು. ಅವ್ವನ ಹಣೆ ನೋಡಿದರು, ಗುರುಜಿಯ ಹಣೆ ನೋಡಿದರು, ಇಡೀ ಓಣಿಯ ಹಣೆ ನೋಡಿದರು. ಎಲ್ಲವೂ ಬೆಳ್ಳಗಿದ್ದವು. ನನ್ನ ಹಣೆಬರಹ ಅಳಿಸಿಹೋಯಿತು ಎಂದುಕೊಂಡೆ, ಕಣ್ಣು ಮಂಜಾಯಿತು. ಸಕ್ಕರೆಯ ಡಬ್ಬಿ ಹಿಡಿದು ಬಂದ ಅವ್ವ ಮೆಟ್ಟಿಲ ಮೇಲೆಯೇ ನಿಂತಳು.

ಅಪ್ಪ ಕೊನೆಗೆ ಕೇಳಿದರು. "ಯಾ ಊರಿನ ವಿಭೂತಿ?"

"ಭಾಲ್ಕಿಯಿಂದ ತರಸ್ತೀನ್ರಿ. ಮನ್ಯಾಗಿನ ಪೂಜಾದ್ದೇ."

"ಖರೇ ವಿಭೂತಿನ ಹೌದಲ್ಲ?"

"ಖರೇನೇ ಅದರಿ."

"ಹಂಗಾದ್ರ ಮುಗೀತು" ಎಂದರು ಅಪ್ಪ. "ಹಣಿಗಿ ಹಚ್ಚಿದ ಮ್ಯಾಲ ಒರಸಾಕ ಬರಂಗಿಲ್ಲ. ಗಾಡಿ ಸುಳ್ಳ ಆದ್ರೂ ಮಂದಿ ಖರೇ ಇದ್ದಾರ." ಮತ್ತೆ ಅವ್ವನ ಕಡೆ ತಿರುಗಿ, "ಏನ್ ನೋಡ್ತಿ? ಸಕ್ರಿ ಕೊಡು" ಎಂದು ಗದರಿದರು.

ಆಟೋದವನು ಜಾಳಿಗೆಯನ್ನು ಚೆನ್ನಾಗಿ ಝಾಡಿಸಿ, ಒರೆಸಿ ಮತ್ತೆ ಹಾಕಿದ. ಚಾವಿ ತಿರುಗಿಸಿದರೆ ಕಾರು ಮೊದಲ ಸಲಕ್ಕೇ ಎದ್ದಿತು. ಹೊಗೆಯ ಸುಳಿವಿಲ್ಲ. ಓಣಿಯ ಮಂದಿ ಚಪ್ಪಾಳೆ ತಟ್ಟಿದರು. ಕಾಕಾ ಆ ಸದ್ದು ಕೇಳಿದ ಕೂಡಲೇ ಸಂಪೂರ್ಣ ಗುಣಮುಖರಾದರು. ಎಲ್ಲರನ್ನೂ ಸುತ್ತ ನೋಡಿ, "ಕರಿ ಹೊಗಿ ಅಂದ್ರ ಉಂಡದ್ದು ಅರಗಿಲ್ಲ ಅಂತ ನಾ ಮೊದಲಿನಿಂದ ಹೇಳ್ಕೋತ ಬಂದಿದ್ದಿಲ್ಲೇನು? ರೋಗ ಸರಿಯಾಗೇ ಹಿಡದಿದ್ದೆ. ಉಣಿಸಿದೋನು ನಾನೇ ಅಂಬೋದು ಬ್ಯಾರೆ ಮಾತು" ಎಂದರು.

ಮದುವೆಯಾಗಿ ಅವರ ಮೇಲಿನ ಮನೆಗೆ ಹೋದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ. "ಕಾಕಾ, ಅವತ್ತು ನೀವು ಸುಮ್ಮನಿದ್ರೂ ನಡೀತಿತ್ತಲ್ರಿ? ನನ್ನ ಜೀವಾನೇ ಹೋಗಿತ್ತು." ಕಾಕಾ ಕರವಸ್ತ್ರ ಮಡಚುತ್ತಾ, "ವೈದ್ಯಂದು ಮದ್ದು ತಪ್ಪಬಹುದು ಯವ್ವಾ. ಆದ್ರ ತಪ್ಪಿದ್ದು ಗೊತ್ತಾದ ಮ್ಯಾಲ ರೋಗಿ ಮನಿಯೋರಿಗಿ ಹೇಳಲಿಲ್ಲಂದ್ರ ಅವ ವೈದ್ಯನೇ ಅಲ್ಲ" ಎಂದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಗಲೇ. ಗೌರವ ಹುಟ್ಟಿತೆಂದು ನಗುವುದೇನೂ ನಿಲ್ಲಲಿಲ್ಲ. ಆಮೇಲೂ ಅವರು ಸೋಮವಾರ ತಪ್ಪಿಸಲಿಲ್ಲ. ಹಣೆಗೆ ಮಾತ್ರ ಹಚ್ಚಿ, ಆಸೆಯ ಕಣ್ಣಿನಿಂದ ಬಾನೆಟ್ಟಿನ ಕಡೆ ನೋಡಿ, ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಕಾಕು ಕಿಟಕಿಯಿಂದ ಪಹರೆ ಇರುತ್ತಿದ್ದರು.

ಅವರಿಗೆ ನಿಜವಾದ ಪೆಟ್ಟು ಕೊಟ್ಟದ್ದು ಎದುರು ಮನೆಯವರು ತಂದ ಬ್ಯಾಟರಿ ಕಾರು. ಕರವಸ್ತ್ರ ಹಿಡಿದು ಇಳಿದ ಕಾಕಾ ಅದರ ಹಿಂದೆ ಹೋಗಿ ಕೂತರು. ಎದ್ದರು. ಒಂದು ಸುತ್ತು ಬಂದು ಮತ್ತೆ ಕೂತು ಬಗ್ಗಿ ನೋಡಿದರು. ಹೊಗೆಕೊಳವೆಯೇ ಇಲ್ಲ. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು. "ಉಣ್ತದ, ಹೊರಗ ಏನೂ ಬಿಡಂಗಿಲ್ಲ. ಇಂಥಾದ್ರ ಮ್ಯಾಲ ಭರೋಸಾ ಇಡಬಾರ್ದು" ಎಂದು ಒಳಗೆ ಹೋದರು. ಆ ಕಾರು ಇವತ್ತಿಗೂ ಕೆಟ್ಟಿಲ್ಲ. ಅದೊಂದು ಕೊರಗು ಅವರಿಗೆ ಕೊನೆಯವರೆಗೂ ಇತ್ತು.

ಈಗ ಅವರನ್ನು ಒಯ್ಯಲು ಬಂದ ಗಾಡಿ ಗೇಟಿನ ಮುಂದೆ ಸತ್ತು ನಿಂತಿತ್ತು. ನನ್ನ ಗಂಡ ಬಾನೆಟ್ ಎತ್ತಿದ. ಅಪ್ಪ ನಾಸಿಕದಿಂದ ಬಂದಿದ್ದರು, ವಯಸ್ಸಾಗಿದೆ, ಕಣ್ಣು ಮಂದ. ಕೋಲೂರಿಕೊಂಡು ಅಳಿಯನ ಪಕ್ಕಕ್ಕೆ ಹೋಗಿ ಇಣುಕಿದರು. ಬ್ಯಾಟರಿಯ ತಂತಿ ಸೇರುವ ಕಡೆ ಬಿಳಿಯ ಪುಡಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಹಳೆಯ ಬ್ಯಾಟರಿಗಳಲ್ಲಿ ಹಾಗೆ ಆಗುತ್ತದೆ. ಅಪ್ಪನ ಬೆನ್ನು ನೆಟ್ಟಗಾಯಿತು.

"ವಿಭೂತಿ" ಎಂದರು, ಬೆರಳು ಚಾಚುತ್ತಾ. "ನೋಡ್ರಿ, ಹೋಗುವಾಗೂ..."

ಸುತ್ತ ನಿಂತವರಲ್ಲಿ ಒಂದಿಬ್ಬರು ಕೈ ಜೋಡಿಸಿಯೂಬಿಟ್ಟರು. ಕಾಕು ಕೂಡ ತಲೆ ಎತ್ತಿ ನೋಡಿದರು. ಅವರ ಕಣ್ಣಲ್ಲಿ ಅಂಥದೊಂದು ಆಸೆ ಕಂಡು ನನಗೆ ಒಂದು ಗಳಿಗೆ ಸುಮ್ಮನಿರೋಣ ಅನ್ನಿಸಿತು. ಯಾರಿಗೇನು ನಷ್ಟ? ಹೂವಿನ ನಡುವೆ ಕೂತ ಕಾಕಾ ಅವರ ಮುಖ ನೋಡಿದೆ. ಅಪ್ಪನ ಕೈ ಹಿಡಿದು ತಡೆದೆ.

"ಅಪ್ಪಾ, ಬ್ಯಾಡ್ರಿ, ಕೈ ಸುಡ್ತದ. ಅದು ವಿಭೂತಿ ಅಲ್ಲ, ಬ್ಯಾಟರಿದು ಜಂಗು" ಎಂದೆ.

ಅಪ್ಪ ನನ್ನನ್ನೇ ನೋಡಿದರು. "ನೀನೂ ಅವರಂಗೇ ಆದಿ" ಎಂದರು. ಬೈದರೋ ಹೊಗಳಿದರೋ ಗೊತ್ತಾಗಲಿಲ್ಲ.

ಕಾಕು ಎದ್ದು ಒಳಗೆ ಹೋಗಿ, ಒಗೆದು ಮಡಚಿಟ್ಟಿದ್ದ ಬಿಳಿ ಕರವಸ್ತ್ರ ತಂದು ನನ್ನ ಗಂಡನ ಕೈಗೆ ಕೊಟ್ಟರು. ಅವನು ಅದರಿಂದ ತಂತಿಯ ತುದಿ ತಿಕ್ಕಿ ಒರೆಸಿ, ಬಿಗಿಮಾಡಿದ. ಗಾಡಿ ಒಂದೇ ಸಲಕ್ಕೆ ಎದ್ದಿತು. ಹೂವಿನ ವಿಮಾನವನ್ನು ಗಾಡಿಗೆ ಏರಿಸಿದರು. ಹೊರಡುವ ಮೊದಲು ಅಪ್ಪ ಪೂಜೆಯ ತಟ್ಟೆಯಿಂದ ವಿಭೂತಿ ತೆಗೆದುಕೊಂಡು ಗಾಡಿಯ ಹಣೆಗೆ ಮೂರು ಬೆರಳು ಎಳೆದರು. ಬೆರಳಲ್ಲಿ ಇನ್ನೂ ಒಂದು ಚಿಟಿಕೆ ಉಳಿದಿತ್ತು. ಕೈ ತಾನಾಗಿಯೇ ಮುಂದಿನ ಜಾಲರಿಯ ಕಡೆಗೆ, ಗಾಡಿಯ ಮೂಗಿನ ಕಡೆಗೆ ಹೋಯಿತು. ಅಲ್ಲೇ ನಿಂತಿತು.

"ಮೂಗಿಗಿ ಬ್ಯಾಡ" ಎಂದರು ಅಪ್ಪ, ಕೈ ಹಿಂದಕ್ಕೆ ತೆಗೆದುಕೊಂಡು ಕಣ್ಣೊರೆಸಿಕೊಳ್ಳುತ್ತಾ. "ನಾಳೆ ಗಾಡಿ ನಿಂತ್ರ, ‘ನಾ ಹಾಕೀನ್ರಿ’ ಅಂಬೋರು ಈಗ ಇಲ್ಲ."